ಟಿವಿ ಕೆಟ್ಟಿದೆ, ನಾವೇ ನೋಡಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಟಿವಿ ರಿಪೇರಿ ಮಾಡುವವರನ್ನು ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಎಲ್‌ಸಿಡಿ, ಎಲ್‌ಇಡಿ, ಓಎಲ್‌ಇಡಿ ಎಲ್ಲಕ್ಕೂ ಇವು ಅನ್ವಯಿಸುತ್ತವೆ. ಮೊದಲ ಭಾಗ ಹಿಂಬದಿ ಬಿಚ್ಚದೆ ಮಾಡುವ ಕೆಲಸ, ಅದನ್ನು ಯಾರು ಬೇಕಾದರೂ ಮಾಡಬಹುದು. ಎರಡನೇ ಭಾಗ ಬಿಚ್ಚಿದ ಮೇಲಿನದು. ಅಲ್ಲಿ ಜೀವಕ್ಕೆ ಅಪಾಯ ಇದೆ. ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಮೀಟರ್) ಹಿಡಿದು ಅಭ್ಯಾಸ ಇಲ್ಲದವರು ಓದಿಕೊಳ್ಳಿ, ಕೈ ಹಾಕಬೇಡಿ. ಏನು ಕೆಟ್ಟಿರಬಹುದು ಅಂತ ಗೊತ್ತಿದ್ದರೆ ರಿಪೇರಿಯವರ ಹತ್ತಿರ ಮಾತಾಡುವುದಕ್ಕಾದರೂ ಅನುಕೂಲ.

ಟಿವಿ ಆನೇ ಆಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಗೋಡೆಯಿಂದ. ಆ ಸಾಕೆಟ್‌ಗೆ ಒಂದು ಲ್ಯಾಂಪೋ ಫೋನ್ ಚಾರ್ಜರೋ ಹಾಕಿ, ಕರೆಂಟ್ ಬರುತ್ತಿದೆಯಾ ನೋಡಿ. ನಡುವೆ ಎಕ್ಸ್‌ಟೆನ್ಷನ್ ಬೋರ್ಡ್ ಅಥವಾ ಸ್ಟೆಬಿಲೈಸರ್ ಇದ್ದರೆ ಅದನ್ನು ಬಿಟ್ಟು ಟಿವಿಯನ್ನು ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿ. ಪವರ್ ಕಾರ್ಡ್ ಟಿವಿಯ ಹಿಂದೆ ಕಳಚಿ ಬರುವಂಥದ್ದಾದರೆ ಗಟ್ಟಿಯಾಗಿ ಒತ್ತಿ ಕೂರಿಸಿ. ಒರೆಸುವಾಗ, ಜರುಗಿಸುವಾಗ ಅದು ಅರ್ಧ ಹೊರಗೆ ಬಂದಿರುವುದು ತುಂಬಾ ಸಾಮಾನ್ಯ.

ಆಮೇಲೆ ರಿಮೋಟ್ ಪಕ್ಕಕ್ಕಿಟ್ಟು ಟಿವಿಯಲ್ಲೇ ಇರುವ ಬಟನ್ ಒತ್ತಿ. ಈಗಿನ ಟಿವಿಗಳಲ್ಲಿ ಅದು ಕೆಳಗಡೆ ನಡುವೆಯೋ ಹಿಂದೆ ಮೂಲೆಯಲ್ಲೋ ಅಡಗಿರುತ್ತದೆ, ಬೆರಳಲ್ಲಿ ತಡಕಿ ಹುಡುಕಬೇಕು.

ಇಷ್ಟಾದರೂ ಬರದಿದ್ದರೆ ಪ್ಲಗ್ ತೆಗೆಯಿರಿ. ಟಿವಿಯ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಹತ್ತು ನಿಮಿಷ ಸುಮ್ನೆ ಬಿಟ್ಟು ಮತ್ತೆ ಹಾಕಿ. ಒಳಗಿನ ಪ್ರೊಸೆಸರ್ ಸಿಕ್ಕಿಹಾಕಿಕೊಂಡಿದ್ದರೆ ಹೊಸದಾಗಿ ಶುರುವಾಗುತ್ತದೆ. ಸ್ಮಾರ್ಟ್ ಟಿವಿಗಳಲ್ಲಿ ಇದರಿಂದಲೇ ಸರಿಹೋಗುವ ಕೇಸು ಎಷ್ಟೋ. ಆದರೆ ಒಂದು ಮಾತು: ಹೀಗೆ ಬಟನ್ ಒತ್ತಿ ಹಿಡಿದರೆ ಒಳಗಿನ ಕರೆಂಟ್ ಪೂರ್ತಿ ಹೋಯಿತು, ಇನ್ನು ಮುಟ್ಟಬಹುದು ಅಂದುಕೊಳ್ಳಬೇಡಿ. ಅದು ಬೇರೆಯೇ ವಿಷಯ, ಕೆಳಗೆ ಬರೆದಿದ್ದೇನೆ.

ಕೆಂಪು ಲೈಟ್ ಮಿಣುಕುತ್ತಿದೆ. ಏನರ್ಥ?

ಟಿವಿ ತನ್ನ ತೊಂದರೆಯನ್ನು ತಾನೇ ಹೇಳುತ್ತಿದೆ. ಎಷ್ಟು ಸಲ ಮಿಣುಕಿ ನಿಲ್ಲುತ್ತದೆ, ಮತ್ತೆ ಎಷ್ಟು ಸಲ ಮಿಣುಕುತ್ತದೆ ಅಂತ ಎಣಿಸಿ. ಫೋನಿನಲ್ಲಿ ವಿಡಿಯೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಎಣಿಕೆಯ ಅರ್ಥ ಕಂಪನಿಯಿಂದ ಕಂಪನಿಗೆ, ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಒಂದು ಮಾಡೆಲ್‌ನಲ್ಲಿ ಬ್ಯಾಕ್‌ಲೈಟ್ ಅನ್ನುವ ಅದೇ ಎಣಿಕೆ ಇನ್ನೊಂದರಲ್ಲಿ ಪವರ್ ಸಪ್ಲೈ ಆಗಿರಬಹುದು. ಹಾಗಾಗಿ ನಿಮ್ಮ ಮಾಡೆಲ್‌ನ ಸರ್ವೀಸ್ ಮ್ಯಾನ್ಯುಅಲ್‌ನಲ್ಲೇ ನೋಡಬೇಕು. ರಿಪೇರಿಯವರಿಗೆ ಫೋನ್ ಮಾಡುವಾಗಲೂ "ಲೈಟ್ ಮಿಣುಕುತ್ತಿದೆ" ಅನ್ನುವ ಬದಲು "ಆರು ಸಲ ಮಿಣುಕಿ ನಿಲ್ಲುತ್ತದೆ" ಅಂದರೆ ಅರ್ಧ ಕೆಲಸ ಆದ ಹಾಗೆ.

ಸೌಂಡ್ ಬರುತ್ತಿದೆ, ಪರದೆ ಮಾತ್ರ ಕಪ್ಪು. ಪರದೆ ಹೋಯಿತಾ?

ಹೆದರಬೇಡಿ, ಹೋಗಿಲ್ಲದಿರುವ ಸಾಧ್ಯತೆಯೇ ಜಾಸ್ತಿ. ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ. ಚಿತ್ರ ಮೂಡುವುದು ಗಾಜಿನ ಪ್ಯಾನೆಲ್‌ನಲ್ಲಿ, ಬೆಳಕು ಬರುವುದು ಅದರ ಹಿಂದಿನ ಬ್ಯಾಕ್‌ಲೈಟ್‌ನಿಂದ. "ಎಲ್‌ಇಡಿ ಟಿವಿ" ಅನ್ನುವುದೂ ಎಲ್‌ಸಿಡಿಯೇ, ಹಿಂದಿನ ಬೆಳಕು ಎಲ್‌ಇಡಿ, ಅಷ್ಟೇ. ಬೆಳಕು ಆರಿದರೂ ಚಿತ್ರ ಅಲ್ಲೇ ಇರುತ್ತದೆ.

ಅದನ್ನು ಕಣ್ಣಾರೆ ನೋಡಬಹುದು. ಕೋಣೆ ಕತ್ತಲು ಮಾಡಿ. ಟಿವಿ ಆನ್ ಮಾಡಿ ರಿಮೋಟ್‌ನಲ್ಲಿ ಮೆನು ಒತ್ತಿ. ಜೋರಾದ ಟಾರ್ಚನ್ನು ಪರದೆಗೆ ನಾಲ್ಕು ಬೆರಳಷ್ಟು ಹತ್ತಿರ, ಸ್ವಲ್ಪ ಓರೆಯಾಗಿ ಹಿಡಿದು ನಿಧಾನಕ್ಕೆ ಸರಿಸಿ. ಟಾರ್ಚ್ ಬೆಳಕು ಬಿದ್ದ ಕಡೆ ಮೆನುವಿನ ಅಕ್ಷರ ಮಸುಕು ಮಸುಕಾಗಿ, ನೀರಿನಡಿ ಬರೆದ ಹಾಗೆ ಕಂಡರೆ ಪ್ಯಾನೆಲ್ ಚೆನ್ನಾಗಿದೆ, ಮೇನ್‌ಬೋರ್ಡ್ ಚೆನ್ನಾಗಿದೆ, ಕೆಟ್ಟಿರುವುದು ಬ್ಯಾಕ್‌ಲೈಟ್ ಅಥವಾ ಅದಕ್ಕೆ ಕರೆಂಟ್ ಕೊಡುವ ಡ್ರೈವರ್. ಏನೂ ಕಾಣದಿದ್ದರೆ ಟಿ-ಕಾನ್ (ಪರದೆಗೆ ಚಿತ್ರ ಕಳಿಸುವ ಚಿಕ್ಕ ಬೋರ್ಡ್), ಮೇನ್‌ಬೋರ್ಡ್, ಪ್ಯಾನೆಲ್ ಕಡೆ ಅನುಮಾನ ಪಡಬೇಕು.

ಆನ್ ಮಾಡಿದ ತಕ್ಷಣ ಒಂದು ಸೆಕೆಂಡ್ ಬೆಳಕು ಬಂದು ಆರುತ್ತದೆ ಅಂತಾದರೆ ಅದೂ ಬ್ಯಾಕ್‌ಲೈಟಿನದ್ದೇ ಲಕ್ಷಣ. ಎಲ್‌ಇಡಿಗಳು ಸಾಲಾಗಿ ಒಂದರ ಹಿಂದೊಂದು ಜೋಡಿಸಿಕೊಂಡಿರುತ್ತವೆ. ಒಂದು ಹೋದರೆ ಸಾಲೇ ಆರುತ್ತದೆ, ಡ್ರೈವರ್ ಏನೋ ತಪ್ಪಿದೆ ಅಂತ ತಾನೇ ನಿಲ್ಲಿಸಿಬಿಡುತ್ತದೆ.

ಓಎಲ್‌ಇಡಿಗೆ ಈ ಪರೀಕ್ಷೆ ಬೇಡ. ಅಲ್ಲಿ ಬ್ಯಾಕ್‌ಲೈಟೇ ಇಲ್ಲ, ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ.

ಪರದೆಯಲ್ಲಿ ದುಂಡಗಿನ ಬಿಳಿ ಚುಕ್ಕೆಗಳು. ಇನ್ನೊಂದು ಟಿವಿ ಪೂರ್ತಿ ನೀಲಿ ತಿರುಗಿದೆ.

ಎರಡೂ ಬ್ಯಾಕ್‌ಲೈಟಿನದ್ದೇ. ಪ್ರತಿ ಎಲ್‌ಇಡಿಯ ಮೇಲೆ ಬೆಳಕು ಹರಡುವುದಕ್ಕೆ ಪುಟ್ಟ ಪ್ಲಾಸ್ಟಿಕ್ ಲೆನ್ಸ್ ಅಂಟಿಸಿರುತ್ತಾರೆ. ಬಿಸಿಗೆ ಅಂಟು ಒಣಗಿ ಲೆನ್ಸ್ ಬಿದ್ದಾಗ ಆ ಜಾಗ ಚಂದ್ರನ ಹಾಗೆ ಹೊಳೆಯುತ್ತದೆ. ನೀಲಿ ತಿರುಗುವುದು ಎಲ್‌ಇಡಿಯ ಮೇಲಿನ ಫಾಸ್ಫರ್ ಹಾಳಾದಾಗ. ಬಿಳಿ ಎಲ್‌ಇಡಿ ಮೂಲದಲ್ಲಿ ನೀಲಿ ಎಲ್‌ಇಡಿಯೇ, ಮೇಲಿನ ಹಳದಿ ಪದರದಿಂದ ಬಿಳಿ ಕಾಣುತ್ತದೆ.

ಉದ್ದುದ್ದ ಗೆರೆ ಬಂದಿದೆ. ಸರಿ ಮಾಡಬಹುದಾ?

ಮೊದಲು ಮೆನು ತೆರೆಯಿರಿ. ಮೆನುವಿನ ಮೇಲೂ ಗೆರೆ ಇದೆಯಾ? ಇಲ್ಲ ಅಂದರೆ ತೊಂದರೆ ಹೊರಗಿನದ್ದು: ಸೆಟ್‌ಟಾಪ್ ಬಾಕ್ಸ್, ಕೇಬಲ್, ಸಿಗ್ನಲ್. ಇದೆ ಅಂದರೆ ಟಿವಿಯದ್ದೇ.

ಒಂದೋ ಎರಡೋ ಸಣ್ಣ ಗೆರೆ, ಮೇಲಿಂದ ಕೆಳಗೆ, ಸದಾ ಒಂದೇ ಜಾಗದಲ್ಲಿ ನಿಂತಿದ್ದರೆ ಸಾಮಾನ್ಯವಾಗಿ ಪ್ಯಾನೆಲ್ ಅಂಚಿನ ಬೆಸುಗೆ ಬಿಟ್ಟಿರುತ್ತದೆ. ಗಾಜಿನ ಅಂಚಿಗೆ ತೆಳ್ಳಗಿನ ಫಿಲ್ಮ್ ಪಟ್ಟಿಗಳು ಅಂಟಿರುತ್ತವೆ, ಅವುಗಳೊಳಗೆ ಕೂದಲಿಗಿಂತ ಸಣ್ಣ ತಂತಿಗಳು. ಬೆರಳಲ್ಲಿ ಅಂಚು ಒತ್ತಿದರೆ ಗೆರೆ ಮಾಯವಾಗಿ, ಬಿಟ್ಟರೆ ಮತ್ತೆ ಬರುತ್ತದೆ. ಇದನ್ನು ಕೂರಿಸುವುದಕ್ಕೆ ಬಾಂಡಿಂಗ್ ಮಷೀನ್ ಬೇಕು, ಸಾಲ್ಡರಿಂಗ್ ಐರನ್‌ಗೆ ಬಗ್ಗುವ ಕೆಲಸ ಅಲ್ಲ. ಸಂದಿಗೆ ರಟ್ಟು, ರಬ್ಬರ್ ತುರುಕಿ ಒತ್ತಿಡುವವರೂ ಇದ್ದಾರೆ. ಹಾಗೆ ತುರುಕುವಾಗ ಗಾಜು ಬಿರುಕು ಬಿಟ್ಟ ಟಿವಿಗಳನ್ನು ನೋಡಿದ್ದೇನೆ. ಬೇಡ.

ಅರ್ಧ ಪರದೆ ಒಂದು ಥರ, ಇನ್ನರ್ಧ ಇನ್ನೊಂದು ಥರ ಇದ್ದರೆ, ಬಣ್ಣ ಫೋಟೋ ನೆಗೆಟಿವ್ ಹಾಗೆ ಕಂಡರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ಅದು ಟಿ-ಕಾನ್ ಬೋರ್ಡ್ ಅಥವಾ ಅದಕ್ಕೆ ಬರುವ ರಿಬ್ಬನ್ ಕೇಬಲ್ ಆಗಿರಬಹುದು. ಹಿಂಬದಿ ಬಿಚ್ಚಿ (ಅದು ಎರಡನೇ ಭಾಗದ ಕೆಲಸ) ಆ ಕೇಬಲ್ ತೆಗೆದು ಮತ್ತೆ ನೇರವಾಗಿ ಕೂರಿಸಿದ್ದಕ್ಕೇ ಚಿತ್ರ ಬಂದ ಉದಾಹರಣೆ ಬೇಕಾದಷ್ಟಿವೆ.

ಪರದೆ ಒಡೆದಿದೆ.

ಪ್ಯಾನೆಲ್ ಒಂದೇ ಟಿವಿಯ ಬೆಲೆಯಲ್ಲಿ ದೊಡ್ಡ ಪಾಲು. ಹೊಸ ಪ್ಯಾನೆಲ್ ಹಾಕಿಸುವುದು ಬಹುತೇಕ ಯಾವಾಗಲೂ ನಷ್ಟದ ಕೆಲಸ. ಆದರೆ ಆ ಟಿವಿಯ ಬೋರ್ಡ್‌ಗಳನ್ನು ಎಸೆಯಬೇಡಿ, ಅದೇ ಮಾಡೆಲ್‌ನ ಇನ್ನೊಂದು ಟಿವಿ ಅದರಿಂದ ಬದುಕಬಹುದು.

ಚಿತ್ರ ಬರುತ್ತಿದೆ, ಸೌಂಡ್ ಇಲ್ಲ.

ಮ್ಯೂಟ್ ಬಿಟ್ಟರೆ ಮೊದಲು ನೋಡಬೇಕಾದ್ದು ಆಡಿಯೋ ಔಟ್‌ಪುಟ್ ಸೆಟಿಂಗ್. ಒಮ್ಮೆ ಬ್ಲೂಟೂತ್ ಸ್ಪೀಕರ್ ಅಥವಾ ಸೌಂಡ್‌ಬಾರ್ ಜೋಡಿಸಿದ್ದರೆ ಟಿವಿ ಇನ್ನೂ ಅದನ್ನೇ ನೆಚ್ಚಿಕೊಂಡಿರಬಹುದು. "ಟಿವಿ ಸ್ಪೀಕರ್" ಅಂತ ಬದಲಿಸಿ. ಹೆಡ್‌ಫೋನ್ ಜಾಕ್‌ನಲ್ಲಿ ಏನಾದರೂ ಸಿಕ್ಕಿಕೊಂಡಿದೆಯಾ ನೋಡಿ. ಅಲ್ಲೇನೋ ಇದೆ ಅಂತ ಟಿವಿಗೆ ಅನ್ನಿಸಿದರೆ ಸ್ಪೀಕರ್ ಬಂದ್ ಮಾಡುತ್ತದೆ.

ಎಚ್‌ಡಿಎಂಐ ಹಾಕಿದರೆ "ನೋ ಸಿಗ್ನಲ್" ಅನ್ನುತ್ತದೆ.

ಬೇರೆ ಪೋರ್ಟ್, ಬೇರೆ ಕೇಬಲ್, ಬೇರೆ ಬಾಕ್ಸ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಆಗ ತಪ್ಪು ಯಾರದು ಅಂತ ಗೊತ್ತಾಗುತ್ತದೆ. ಟಿವಿ, ಬಾಕ್ಸ್ ಎರಡನ್ನೂ ಆಫ್ ಮಾಡಿ ಪ್ಲಗ್ ತೆಗೆದು, ಮೊದಲು ಟಿವಿ, ಆಮೇಲೆ ಬಾಕ್ಸ್ ಆನ್ ಮಾಡಿ. ಎರಡೂ ಒಂದನ್ನೊಂದು ಗುರುತಿಸುವಾಗ ಎಡವಿದ್ದರೆ ಸರಿಹೋಗುತ್ತದೆ. ಒಂದೇ ಒಂದು ಪೋರ್ಟ್ ಸತ್ತಿದ್ದರೆ ಅದನ್ನು ಬಿಟ್ಟು ಇನ್ನೊಂದನ್ನು ಬಳಸಿಕೊಂಡು ಹೋಗಿ, ಅಷ್ಟಕ್ಕೇ ಟಿವಿ ಬಿಚ್ಚಬೇಡಿ.

ರಿಮೋಟ್ ಹೋಯಿತೋ ಟಿವಿ ಹೋಯಿತೋ ತಿಳಿಯುವುದು ಹೇಗೆ?

ಫೋನಿನ ಕ್ಯಾಮೆರಾ ಆನ್ ಮಾಡಿ, ರಿಮೋಟ್‌ನ ಮೂತಿಯನ್ನು ಅದಕ್ಕೆ ತೋರಿಸಿ ಬಟನ್ ಒತ್ತಿ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಕ್ಯಾಮೆರಾದಲ್ಲಿ ನೇರಳೆ ಅಥವಾ ಬಿಳಿ ಚುಕ್ಕೆಯಾಗಿ ಮಿನುಗುತ್ತದೆ. ಕೆಲವು ಫೋನ್‌ಗಳ ಹಿಂದಿನ ಕ್ಯಾಮೆರಾ ಈ ಬೆಳಕನ್ನು ತಡೆಯುತ್ತದೆ, ಆಗ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಮಿನುಗು ಇದ್ದರೆ ರಿಮೋಟ್ ಸರಿಯಿದೆ. ಇಲ್ಲದಿದ್ದರೆ ಸೆಲ್ ಬದಲಿಸಿ. ಹಳೇ ಸೆಲ್ ಸೋರಿ ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಟ್ಟಿದ್ದರೆ, ಹತ್ತಿಯಲ್ಲಿ ಒಂದು ಹನಿ ವಿನೆಗರ್ ಅದ್ದಿ ಒರೆಸಿ, ಪೂರ್ತಿ ಒಣಗಿಸಿ. ಬ್ಲೂಟೂತ್ ರಿಮೋಟ್ ಆದರೆ ಎಲ್ಲ ಬಟನ್‌ಗೂ ಬೆಳಕು ಬರುವುದಿಲ್ಲ, ಅದನ್ನು ಮತ್ತೆ ಪೇರ್ ಮಾಡಿ ನೋಡಿ.

ಲೋಗೋ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ.

ಸಾಫ್ಟ್‌ವೇರ್ ಕೆಟ್ಟಿರಬಹುದು, ಅದನ್ನು ಇಟ್ಟುಕೊಂಡಿರುವ ಮೆಮೊರಿ ಚಿಪ್ ಸವೆದಿರಬಹುದು, ಪವರ್ ಸಪ್ಲೈ ದುರ್ಬಲ ಆಗಿರಬಹುದು. ಮೊದಲು ಎಚ್‌ಡಿಎಂಐ, ಯುಎಸ್‌ಬಿ ಎಲ್ಲ ಕಿತ್ತು ಬರೀ ಟಿವಿಯನ್ನು ಆನ್ ಮಾಡಿ. ಕೆಟ್ಟ ಪೆನ್‌ಡ್ರೈವ್ ಒಂದರಿಂದಲೂ ಹೀಗಾಗುತ್ತದೆ. ಆಮೇಲೆ ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲ್‌ಗೆ ಯುಎಸ್‌ಬಿ ಮೂಲಕ ಹಾಕುವ ಸಾಫ್ಟ್‌ವೇರ್ ಇದೆಯಾ ನೋಡಿ. ಮಾಡೆಲ್ ನಂಬರಿನ ಕೊನೆಯ ಅಕ್ಷರವೂ ಹೊಂದಬೇಕು. ಅಕ್ಕಪಕ್ಕದ ಮಾಡೆಲ್‌ನದ್ದು ಹಾಕಿದರೆ ಇರುವ ಜೀವವೂ ಹೋಗುತ್ತದೆ. ಹಾಕುವಾಗ ಕರೆಂಟ್ ಹೋಗಬಾರದು.

ಪ್ಲಗ್ ತೆಗೆದ ಮೇಲೂ ಶಾಕ್ ಹೊಡೆಯುತ್ತಾ?

ಹೊಡೆಯುತ್ತದೆ. ನೀವು ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಪವರ್ ಬೋರ್ಡಿನಲ್ಲಿ, ಕರೆಂಟ್ ಒಳಗೆ ಬರುವ ಕಡೆ, ಹೆಬ್ಬೆರಳಿಗಿಂತ ದಪ್ಪದ ಕೆಪಾಸಿಟರ್, ಅಂದರೆ ಚಾರ್ಜ್ ತುಂಬಿಟ್ಟುಕೊಳ್ಳುವ ಬಿಡಿಭಾಗ, ಇರುತ್ತದೆ. ತೆಳ್ಳಗಿನ ಟಿವಿಗಳಲ್ಲಿ ಎರಡು ಮೂರು ಕೆಪಾಸಿಟರ್ ಮಲಗಿಸಿ ಜೋಡಿಸಿರುತ್ತಾರೆ. ಮೈಮೇಲೆ 400 ಅಥವಾ 450 ವೋಲ್ಟ್ ಅಂತ ಬರೆದಿರುತ್ತದೆ. ಮನೆಗೆ ಬರುವ 230 ವೋಲ್ಟ್ ಎಸಿ, ಡಿಸಿ ಆದಾಗ ಸುಮಾರು 325 ವೋಲ್ಟ್ ಆಗಿ ಅದರಲ್ಲಿ ತುಂಬಿಕೊಳ್ಳುತ್ತದೆ. ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್ ಇರುವ ಟಿವಿಗಳಲ್ಲಿ 380ರಿಂದ 400 ವೋಲ್ಟ್. 120 ವೋಲ್ಟ್ ಇರುವ ದೇಶಗಳಲ್ಲೂ ಈ ಸರ್ಕ್ಯೂಟ್ ಇದ್ದರೆ ಅಷ್ಟೇ. ಎದೆಯ ಮೂಲಕ ಹಾದರೆ ಜೀವ ತೆಗೆಯಬಹುದಾದ ವೋಲ್ಟೇಜ್ ಇದು.

ಈಗ ಮುಖ್ಯ ಮಾತು. ಚೆನ್ನಾಗಿ ಓಡುವ ಟಿವಿಯ ಪ್ಲಗ್ ಕಿತ್ತರೆ ಬೋರ್ಡ್ ಆ ಚಾರ್ಜನ್ನು ಬೇಗ ಬಳಸಿ ಮುಗಿಸುತ್ತದೆ. ಸತ್ತ ಟಿವಿಯಲ್ಲಿ ಅದನ್ನು ಬಳಸುವವರೇ ಇಲ್ಲ. ಚಾರ್ಜ್ ಸುಮ್ನೆ ಕೂತಿರುತ್ತದೆ. ಕೆಟ್ಟ ಟಿವಿಯೇ ಜಾಸ್ತಿ ಅಪಾಯ, ಮತ್ತು ನೀವು ಬಿಚ್ಚುವುದು ಕೆಟ್ಟ ಟಿವಿಯನ್ನೇ ಅಲ್ವಾ?

ಕೆಲಸ ಕಲಿಯುತ್ತಿದ್ದಾಗ ಒಂದು ಸತ್ತ ಟಿವಿಯ ಪ್ಲಗ್ ತೆಗೆದು, ಊಟ ಮುಗಿಸಿ ಬಂದು ಬಿಚ್ಚಿದೆ. ಮುಕ್ಕಾಲು ಗಂಟೆ ಆಗಿತ್ತು. ಇನ್ನೇನು ಬೋರ್ಡ್ ಎತ್ತಬೇಕು, ಪಕ್ಕದಲ್ಲಿದ್ದ ಹಿರಿಯರು "ಮೀಟರ್ ಇಟ್ಟು ನೋಡಪ್ಪ" ಅಂದರು. ಇಟ್ಟೆ. 290 ವೋಲ್ಟ್ ತೋರಿಸಿತು. ಮೀಟರ್ ಕೆಟ್ಟಿದೆ ಅಂದುಕೊಂಡು ಇನ್ನೊಮ್ಮೆ ಇಟ್ಟೆ, 288. ಬೋರ್ಡಿನ ಅಡಿ ಕೈ ಹಾಕಿ ಎತ್ತಬೇಕು ಅಂತಿದ್ದ ಜಾಗದಲ್ಲೇ ಕೆಪಾಸಿಟರ್‌ನ ಎರಡು ಕಾಲುಗಳಿದ್ದವು. ಆವತ್ತಿನಿಂದ ಗಡಿಯಾರ ನಂಬುವುದು ಬಿಟ್ಟೆ. "ಅರ್ಧ ಗಂಟೆ ಕಾದರೆ ಸಾಕು" ಅಂತ ಯಾರೇ ಹೇಳಿದರೂ ಮೀಟರ್ ಇಡದೆ ಮುಟ್ಟುವುದಿಲ್ಲ.

ಮನೆಯ ಅರ್ತ್ ಲೀಕೇಜ್ ಬ್ರೇಕರ್ ನಿಮ್ಮನ್ನು ಇದರಿಂದ ಕಾಪಾಡುವುದಿಲ್ಲ. ಪ್ಲಗ್ಗೇ ಹೊರಗಿರುವಾಗ ಬ್ರೇಕರ್‌ಗೆ ಏನು ತಿಳಿಯಬೇಕು?

ಹಾಗಾದರೆ ಚಾರ್ಜ್ ಖಾಲಿ ಮಾಡುವುದು ಹೇಗೆ? ಸ್ಕ್ರೂಡ್ರೈವರ್ ಮುಟ್ಟಿಸಬಹುದಾ?

ಸ್ಕ್ರೂಡ್ರೈವರ್ ಬೇಡ. ಢಂ ಅಂತ ಕಿಡಿ ಹಾರಿ ಕಣ್ಣಿಗೆ ಕರಗಿದ ಲೋಹ ಸಿಡಿಯಬಹುದು, ಬೋರ್ಡಿನ ತಾಮ್ರದ ಪಟ್ಟಿ ಹಾರಿಹೋಗಬಹುದು.

ಒಂದು ರೆಸಿಸ್ಟರ್ ಬೇಕು: 2.2 ಕಿಲೋ ಓಮ್, 10 ವ್ಯಾಟ್. ಎರಡೂ ಕಡೆ ಇನ್ಸುಲೇಷನ್ ಚೆನ್ನಾಗಿರುವ ವೈರ್ ಬೆಸೆದು, ತುದಿಗೆ ಪ್ರೋಬ್ ಹಾಕಿಕೊಳ್ಳಿ, ಬೆಸೆದ ಜಾಗಕ್ಕೆಲ್ಲ ಸ್ಲೀವ್ ಹಾಕಿ. ಕೆಪಾಸಿಟರ್‌ನ ಎರಡು ಕಾಲಿಗೆ ಹತ್ತು ಸೆಕೆಂಡ್ ಹಿಡಿಯಿರಿ. 100 ಮೈಕ್ರೋಫ್ಯಾರಡ್‌ಗೆ ಲೆಕ್ಕ ಹಾಕಿದರೆ ಒಂದು ಸೆಕೆಂಡ್ ಚಿಲ್ಲರೆಯಲ್ಲೇ ಖಾಲಿ ಆಗುತ್ತದೆ, ಆದರೂ ಹತ್ತು ಹಿಡಿಯಿರಿ. ಆಮೇಲೆ ಮೀಟರನ್ನು ಡಿಸಿ 600 ವೋಲ್ಟ್ ರೇಂಜಿಗೆ ಇಟ್ಟು ಅಳೆಯಿರಿ. ಒಂದೆರಡು ವೋಲ್ಟ್‌ಗೆ ಇಳಿದಿರಬೇಕು.

ಮೀಟರ್ ಸರಿಯಿದೆಯಾ ಅನ್ನುವುದನ್ನು ಅಳೆಯುವ ಮುಂಚೆ ಒಮ್ಮೆ, ಅಳೆದ ಮೇಲೆ ಒಮ್ಮೆ 9 ವೋಲ್ಟ್ ಬ್ಯಾಟರಿಯಲ್ಲಿ ನೋಡಿಕೊಳ್ಳಿ. ಪ್ರೋಬ್‌ನ ವೈರ್ ಒಳಗೆ ತುಂಡಾಗಿದ್ದರೆ ಮೀಟರ್ ಸೊನ್ನೆ ತೋರಿಸುತ್ತದೆ, ಆ ಸೊನ್ನೆ ನಂಬಿ ಮುಟ್ಟಿದರೆ ಗತಿ ಏನು? ಈ ಕೆಲಸ ಮಾಡುವಾಗ ಉಂಗುರ, ವಾಚು ತೆಗೆದಿಡಿ. ಕಣ್ಣಿಗೆ ಕನ್ನಡಕ ಇರಲಿ. ಮನೆಯಲ್ಲಿ ಇನ್ನೊಬ್ಬರು ಇರಲಿ.

ಹಿಂಬದಿ ಬಿಚ್ಚುವಾಗ ಏನು ನೋಡಿಕೊಳ್ಳಬೇಕು?

ಪ್ಲಗ್ ಜೊತೆಗೆ ಆಂಟೆನಾ, ಎಚ್‌ಡಿಎಂಐ ಎಲ್ಲ ಕಿತ್ತಿಡಿ. ಪರದೆಗಿಂತ ದೊಡ್ಡದಾದ ಸಮತಟ್ಟು ಮೇಜಿನ ಮೇಲೆ ಮೆತ್ತನೆ ಕಂಬಳಿ ಹಾಸಿ, ಸುಕ್ಕಿಲ್ಲದಂತೆ ಎಳೆದು, ಟಿವಿಯನ್ನು ಬೋರಲು ಮಲಗಿಸಿ. ಕಂಬಳಿಯ ಅಡಿ ಒಂದು ಸ್ಕ್ರೂ ಬಿದ್ದಿದ್ದರೂ ಪ್ಯಾನೆಲ್ ಹೋದ ಹಾಗೇ, ಕೈಯಾಡಿಸಿ ನೋಡಿ. ದೊಡ್ಡ ಟಿವಿಯನ್ನು ಒಬ್ಬರೇ ಎತ್ತಬೇಡಿ. ಎತ್ತುವಾಗ ಪರದೆಯ ಮೇಲೆ ಹೆಬ್ಬೆರಳು ಒತ್ತದಂತೆ ಅಂಚು ಹಿಡಿಯಿರಿ.

ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಹಾಳೆಯ ಮೇಲೆ ಟಿವಿಯ ಚಿತ್ರ ಗೀಚಿ, ಯಾವ ಸ್ಕ್ರೂ ಎಲ್ಲಿನದೋ ಅಲ್ಲೇ ಟೇಪ್ ಹಾಕಿ ಅಂಟಿಸಿ. ಉದ್ದನೆಯದನ್ನು ಗಿಡ್ಡನೆಯದರ ಜಾಗಕ್ಕೆ ಹಾಕಿದರೆ ಬೋರ್ಡಿಗೋ ಪ್ಯಾನೆಲ್‌ಗೋ ಚುಚ್ಚುತ್ತದೆ. ಗೋಡೆಗೆ ಹಾಕುವ ಸ್ಟ್ಯಾಂಡಿನ ಸ್ಕ್ರೂ ಉದ್ದ ಆಗಿ ಟಿವಿ ಹಾಳಾಗುವುದೂ ಹೀಗೇ. ಸ್ಕ್ರೂ ಎಲ್ಲ ತೆಗೆದರೂ ಕವರ್ ಬರದಿದ್ದರೆ ಎಳೆಯಬೇಡಿ, ಸ್ಟಿಕರ್ ಅಡಿ ಒಂದು ಉಳಿದಿರುತ್ತದೆ.

ಕವರ್ ಬಂದ ತಕ್ಷಣ ಎಲ್ಲ ಕನೆಕ್ಟರ್‌ಗಳ ಫೋಟೋ ತೆಗೆಯಿರಿ. ರಿಬ್ಬನ್ ಕೇಬಲ್‌ಗೆ ಪುಟ್ಟ ಲಾಕ್ ಇರುತ್ತದೆ. ಕೆಲವು ಮೇಲಕ್ಕೆ ಮಡಚುತ್ತವೆ, ಕೆಲವು ಪಕ್ಕದಲ್ಲಿ ಒತ್ತಬೇಕು. ಬಲವಂತ ಬೇಡ.

ಒಳಗೆ ಯಾವುದು ಏನು?

ಪ್ಲಗ್‌ನ ವೈರ್ ಹೋಗುವುದು ಪವರ್ ಬೋರ್ಡಿಗೆ. ಎಚ್‌ಡಿಎಂಐ, ಯುಎಸ್‌ಬಿ ಇರುವುದು ಮೇನ್‌ಬೋರ್ಡ್. ಪರದೆಯ ಅಂಚಿಗೆ ಅಗಲ ರಿಬ್ಬನ್ ಕಳಿಸುವ ಚಿಕ್ಕದು ಟಿ-ಕಾನ್, ಹಲವು ಟಿವಿಗಳಲ್ಲಿ ಮೇನ್‌ಬೋರ್ಡಿನಲ್ಲೇ ಸೇರಿರುತ್ತದೆ.

ಪವರ್ ಬೋರ್ಡನ್ನು ಸರಿಯಾಗಿ ನೋಡಿದರೆ ನಡುವೆ ಒಂದು ದಪ್ಪ ಗೆರೆಯೋ ಗೀಟು ಹಾಕಿದ ಪಟ್ಟಿಯೋ ಕಾಣುತ್ತದೆ. ಗೆರೆಯ ಆಚೆ ಮೇನ್ಸ್ ಕರೆಂಟಿಗೆ ನೇರ ಸಂಬಂಧ ಇರುವ ಭಾಗ, ಅದನ್ನು ಹಾಟ್ ಸೈಡ್ ಅನ್ನುತ್ತಾರೆ. ಅಲ್ಲಿ ಅಲ್ಯೂಮಿನಿಯಂ ಹೀಟ್‌ಸಿಂಕ್‌ನಲ್ಲೂ ಕರೆಂಟ್ ಇರಬಹುದು. ಈಚೆ 12 ವೋಲ್ಟ್, 24 ವೋಲ್ಟ್, ಸ್ಟ್ಯಾಂಡ್‌ಬೈಗೆ 5 ಅಥವಾ 3.3 ವೋಲ್ಟ್. ಹಾಗಂತ ಈಚೆ ಕಡೆ ಎಲ್ಲ ಸುರಕ್ಷಿತ ಅಂದುಕೊಳ್ಳಬೇಡಿ, ಎಲ್‌ಇಡಿ ಸಾಲಿಗೆ ಹೋಗುವ ವೋಲ್ಟೇಜ್ 100 ದಾಟುವುದುಂಟು.

ತಲೆ ಉಬ್ಬಿದ ಕೆಪಾಸಿಟರ್ ಕಂಡಿತು. ಬದಲಿಸಿದರೆ ಆಯಿತಾ?

ಹಳೇ ಎಲ್‌ಸಿಡಿಗಳಲ್ಲಿ ಎಷ್ಟೋ ಸಲ ಅಷ್ಟೇ. ಕೆಪಾಸಿಟರ್‌ನ ತಲೆ ಚಪ್ಪಟೆಯಾಗಿರಬೇಕು. ಮೇಲೆ ಗೀಟು ಕೊರೆದಿರುವುದು ಒಳಗೆ ಅನಿಲ ತುಂಬಿದಾಗ ಅಲ್ಲೇ ಬಿರಿಯಲಿ ಅಂತ. ಬೆರಳುಗುರಿಗೆ ಗುಮ್ಮಟದ ಹಾಗೆ ತಾಕಿದರೆ, ಕಂದು ಕಲೆ ಇದ್ದರೆ ಅದು ಮುಗಿದ ಹಾಗೆ. 2000ದ ದಶಕದಲ್ಲಿ ಕಳಪೆ ದ್ರವ ತುಂಬಿದ ಕೆಪಾಸಿಟರ್‌ಗಳು ಲೋಕದ ತುಂಬ ಹರಡಿ, ಕಂಪ್ಯೂಟರ್, ಮಾನಿಟರ್, ಟಿವಿ ಎಲ್ಲ ಬೇಗ ಬೇಗ ಕೆಟ್ಟಿದ್ದವು.

ಹೊಸದು ಅದೇ ಮೈಕ್ರೋಫ್ಯಾರಡ್ ಇರಬೇಕು. ವೋಲ್ಟ್ ಅಷ್ಟೇ ಅಥವಾ ಸ್ವಲ್ಪ ಜಾಸ್ತಿ, ಕಡಿಮೆ ಮಾತ್ರ ಬೇಡ. 105 ಡಿಗ್ರಿ ಬಿಸಿ ತಡೆಯುವಂಥದ್ದು, ಇಎಸ್‌ಆರ್ (ಕೆಪಾಸಿಟರ್‌ನ ಒಳಗಿನ ರೆಸಿಸ್ಟೆನ್ಸ್) ಕಡಿಮೆ ಇರುವುದನ್ನೇ ತೆಗೆದುಕೊಳ್ಳಿ. ಮೈಮೇಲಿನ ಪಟ್ಟೆ ನೆಗೆಟಿವ್ ಕಾಲು, ತಿರುಗಾಮುರುಗಾ ಹಾಕಿದರೆ ಸಿಡಿಯುತ್ತದೆ. ಒಂದು ಉಬ್ಬಿದ್ದರೆ ಪಕ್ಕದ ಅದೇ ಥರದವನ್ನೂ ಬದಲಿಸಿ. ಸೀಸವಿಲ್ಲದ ಸಾಲ್ಡರ್ ಕರಗುವುದು 217 ಡಿಗ್ರಿ ಆಸುಪಾಸಿನಲ್ಲಿ, ಸೀಸ ಇರುವುದು 183ಕ್ಕೇ. ಹಳೇ ಬೆಸುಗೆ ಬಿಡದಿದ್ದರೆ ಮೇಲೆ ಸ್ವಲ್ಪ ಹೊಸ ಸಾಲ್ಡರ್ ಹಾಕಿ, ಮೆತ್ತಗಾಗುತ್ತದೆ. ಹೊಗೆ ಉಸಿರಾಡಬೇಡಿ, ಕಿಟಕಿ ತೆರೆದಿರಲಿ.

ಫ್ಯೂಸ್ ಹೋಗಿದೆ. ಹೊಸದು ಹಾಕಲಾ?

ಗಾಜಿನೊಳಗೆ ನೋಡಿ. ತಂತಿ ಸುಮ್ನೆ ತುಂಡಾಗಿದ್ದರೆ ಒಂದು ಲೆಕ್ಕ. ಗಾಜು ಕಪ್ಪಾಗಿ, ಬೆಳ್ಳಿಯ ಹಾಗೆ ಮಸಿ ಹಿಡಿದಿದ್ದರೆ ಹಿಂದೆ ಎಲ್ಲೋ ಶಾರ್ಟ್ ಇದೆ: ಎಸಿಯನ್ನು ಡಿಸಿ ಮಾಡುವ ಬ್ರಿಜ್ ರೆಕ್ಟಿಫೈಯರ್, ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡುವ ಮಾಸ್‌ಫೆಟ್, ಅಥವಾ ವೋಲ್ಟೇಜ್ ಏರಿದಾಗ ತಾನು ಸುಟ್ಟುಕೊಂಡು ಉಳಿದದ್ದನ್ನು ಕಾಪಾಡುವ ವ್ಯಾರಿಸ್ಟರ್. ಕಾರಣ ಹುಡುಕದೆ ಹೊಸ ಫ್ಯೂಸ್ ಹಾಕಿದರೆ ಅದೂ ಹೋಗುತ್ತದೆ. ವೈರ್ ತುಂಡು ಸುತ್ತಿ ಓಡಿಸುವುದಂತೂ ಮನೆಗೆ ಬೆಂಕಿ ಇಟ್ಟ ಹಾಗೆ. ಅದೇ ಆಂಪಿಯರ್, ಅದೇ ಥರದ್ದು ಹಾಕಿ. ಬೋರ್ಡಿನಲ್ಲಿ ತ್ರಿಕೋನದೊಳಗೆ ಆಶ್ಚರ್ಯಸೂಚಕ ಗುರುತು ಇರುವ ಯಾವ ಬಿಡಿಭಾಗಕ್ಕೂ ಇದೇ ಮಾತು. ಸುರಕ್ಷತೆ ಅದರ ಮೇಲೇ ನಿಂತಿದೆ ಅಂತ ಆ ಗುರುತಿನ ಅರ್ಥ.

ಟಿವಿ ಆನ್ ಇಟ್ಟು ವೋಲ್ಟೇಜ್ ಅಳೆಯಬಹುದಾ?

ಅಭ್ಯಾಸ ಇದ್ದವರಿಗೆ ಮಾತ್ರ, ಅದೂ ಪವರ್ ಬೋರ್ಡಿನ ಗೆರೆಯ ಈಚೆ, ಹಾಟ್ ಸೈಡ್ ಅಲ್ಲದ ಕಡೆ. ಮೀಟರ್‌ನ ಕಪ್ಪು ಪ್ರೋಬನ್ನು ಕ್ರೊಕೊಡೈಲ್ ಕ್ಲಿಪ್‌ನಲ್ಲಿ ಚಾಸಿಗೆ (ಒಳಗಿನ ಲೋಹದ ಚೌಕಟ್ಟಿಗೆ) ಮೊದಲೇ ಕಚ್ಚಿಸಿಡಿ, ಆಮೇಲೆ ಪವರ್ ಕೊಡಿ, ಒಂದೇ ಕೈಯಲ್ಲಿ ಕೆಂಪು ಪ್ರೋಬ್ ಹಿಡಿದು ಅಳೆಯಿರಿ. ಇನ್ನೊಂದು ಕೈ ಬೆನ್ನ ಹಿಂದೆ. ಎರಡೂ ಕೈ ಮುಟ್ಟಿದ್ದರೆ ಕರೆಂಟ್ ಎದೆಯ ಮೂಲಕವೇ ಹಾಯುವುದು. ಸ್ಟ್ಯಾಟಿಕ್ ತಡೆಯುವ ಮಣಿಕಟ್ಟಿನ ಪಟ್ಟಿ ಬೋರ್ಡ್ ಹಿಡಿಯುವಾಗ ಒಳ್ಳೆಯದು, ಆದರೆ ಪವರ್ ಇರುವಾಗ ಕಳಚಿಡಿ. ಅದು ನಿಮ್ಮನ್ನು ನೆಲಕ್ಕೆ ಜೋಡಿಸಿಡುತ್ತದೆ.

ಬ್ಯಾಕ್‌ಲೈಟ್ ಪಟ್ಟಿ ನಾವೇ ಬದಲಿಸಬಹುದಾ?

ಇಲ್ಲಿ ಅಪಾಯ ನಿಮಗಿಂತ ಟಿವಿಗೆ ಜಾಸ್ತಿ. ಪ್ಯಾನೆಲ್ ಗಾಜನ್ನು ಎತ್ತಿ ತೆಗೆಯಬೇಕು. ಅದರ ಅಂಚಿಗೆ ನೇತಾಡುವ ಫಿಲ್ಮ್ ಪಟ್ಟಿ ಒಂದು ಹರಿದರೂ ಎಲ್ಲ ಮುಗಿಯಿತು. ದೊಡ್ಡ ಪರದೆಯ ಗಾಜು ಎತ್ತುವಾಗ ಬಾಳೆಎಲೆಯ ಹಾಗೆ ಬಾಗುತ್ತದೆ. ಇಬ್ಬರು ಸೇರಿ, ನಾಲ್ಕು ಕಡೆ ಸಮ ಎತ್ತಬೇಕು. ಮೊದಲ ಸಲ ಮಾಡುವವರು 32 ಇಂಚಿಗಿಂತ ದೊಡ್ಡದಕ್ಕೆ ಕೈ ಹಾಕಬೇಡಿ ಅನ್ನುವುದು ನನ್ನ ಸಲಹೆ.

ಗಾಜಿನ ಹಿಂದೆ ಬೆಳಕು ಹರಡುವ ಮೂರು ನಾಲ್ಕು ಹಾಳೆಗಳಿರುತ್ತವೆ. ಅವುಗಳ ಕ್ರಮ, ಮಗ್ಗುಲು ಬದಲಾದರೆ ಚಿತ್ರ ಕಳೆಗುಂದುತ್ತದೆ. ಮೂಲೆಗೆ ನಂಬರ್ ಬರೆದ ಟೇಪ್ ಅಂಟಿಸಿ. ಕೈಗೆ ಗ್ಲೌಸ್ ಹಾಕಿ, ಬೆರಳಚ್ಚು ಬಿದ್ದರೆ ಆನ್ ಆದಾಗ ಮೋಡದ ಹಾಗೆ ಕಾಣುತ್ತದೆ.

ಕೆಟ್ಟ ಒಂದು ಎಲ್‌ಇಡಿ ಮಾತ್ರ ಬದಲಿಸಿದರೆ ಕೆಲವು ತಿಂಗಳಲ್ಲಿ ಅದರ ಪಕ್ಕದ್ದು ಹೋಗುತ್ತದೆ, ಮತ್ತೆ ಇಷ್ಟೆಲ್ಲ ಬಿಚ್ಚಬೇಕು. ಪೂರ್ತಿ ಸೆಟ್ ಹಾಕಿಬಿಡಿ. ಎಲ್‌ಇಡಿಯ ವೋಲ್ಟ್ 3 ಇದೆಯೋ 6 ಇದೆಯೋ ನೋಡಿ ಅದೇ ತರಿಸಿ. ಜೋಡಿಸಿದ ಮೇಲೆ ಸೆಟಿಂಗ್‌ನಲ್ಲಿ ಬ್ಯಾಕ್‌ಲೈಟನ್ನು 60ರಿಂದ 70ಕ್ಕೆ ಇಳಿಸಿ. ನೂರರಲ್ಲಿ ಓಡಿಸಿದ ಬಿಸಿಯೇ ಎಷ್ಟೋ ಎಲ್‌ಇಡಿಗಳನ್ನು ಕೊಲ್ಲುವುದು.

ಬೇರೆ ಬೋರ್ಡ್ ತರಿಸಿದರೆ ಸಾಕಲ್ಲ?

ಟಿವಿಯ ಮಾಡೆಲ್ ನಂಬರ್ ಒಂದನ್ನೇ ನೋಡಿ ತರಿಸಬೇಡಿ. ಒಂದೇ ಮಾಡೆಲ್‌ನಲ್ಲಿ ಎರಡು ಮೂರು ಕಂಪನಿಯ ಪ್ಯಾನೆಲ್ ಬಂದಿರುತ್ತವೆ, ಬೋರ್ಡೂ ಅದಕ್ಕೆ ತಕ್ಕ ಹಾಗೆ ಬೇರೆ. ಹಳೇ ಬೋರ್ಡಿನ ಮೇಲಿನ ಸ್ಟಿಕರ್ ನಂಬರ್, ಬೋರ್ಡಿನಲ್ಲೇ ಅಚ್ಚಾದ ನಂಬರ್, ಪ್ಯಾನೆಲ್‌ನ ನಂಬರ್ ಮೂರೂ ಹೊಂದಿಸಿ.

ಬೋರ್ಡನ್ನು ಓವನ್‌ನಲ್ಲಿಟ್ಟು ಬಿಸಿ ಮಾಡಿದರೆ ಸರಿಹೋಗುತ್ತದೆ ಅಂತ ಕೇಳಿದ್ದೇನೆ.

ಬೇಡ. ಬಿಟ್ಟ ಬೆಸುಗೆ ಕೆಲವು ದಿನ ಹಿಡಿದುಕೊಂಡು ಮತ್ತೆ ಬಿಡುತ್ತದೆ. ಕೆಪಾಸಿಟರ್, ಪ್ಲಾಸ್ಟಿಕ್ ಕನೆಕ್ಟರ್ ಹಾಳಾಗುತ್ತವೆ. ಅಡುಗೆ ಮಾಡುವ ಓವನ್‌ನಲ್ಲಿ ಆ ವಿಷದ ಹೊಗೆ ಉಳಿಯುತ್ತದೆ.

ನೀರು ಬಿತ್ತು. ಏನು ಮಾಡಲಿ?

ಗೋಡೆಯ ಸ್ವಿಚ್ ಅಥವಾ ಮೇನ್ ಆಫ್ ಮಾಡಿ, ಒಣಗಿದ ಕೈಯಲ್ಲಿ ಪ್ಲಗ್ ತೆಗೆಯಿರಿ. ಆನ್ ಮಾಡಿ ನೋಡುವ ಆಸೆ ತಡೆದುಕೊಳ್ಳಿ, ಹೆಚ್ಚಿನ ಹಾನಿ ಆಗುವುದು ಆ ಗಳಿಗೆಯಲ್ಲೇ. ಪರದೆಗೆ ನೀರು ಚಿಮುಕಿಸಿ ಒರೆಸುವವರಿಗೆ ಇದು ಬೇರೆ ರೀತಿಯಲ್ಲಿ ಕಾಡುತ್ತದೆ. ಹನಿ ಇಳಿದು ಕೆಳಗಿನ ಅಂಚಿನೊಳಗೆ ಸೇರಿ ಅಲ್ಲಿನ ಫಿಲ್ಮ್ ಪಟ್ಟಿಗಳನ್ನು ತಿನ್ನುತ್ತದೆ, ಗೆರೆ ಬರುತ್ತವೆ. ಬಟ್ಟೆಗೆ ಹಾಕಿಕೊಂಡು ಒರೆಸಿ, ಅದೂ ಮೆತ್ತನೆ ಮೈಕ್ರೋಫೈಬರ್ ಬಟ್ಟೆ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಬೇಡ.

ಸುಟ್ಟ ವಾಸನೆ ಬಂತು, ಆದರೂ ಟಿವಿ ಓಡುತ್ತಿದೆ.

ಈಗಲೇ ಆಫ್ ಮಾಡಿ, ಪ್ಲಗ್ ತೆಗೆಯಿರಿ. ಕಾರಣ ಗೊತ್ತಾಗುವವರೆಗೆ ಮತ್ತೆ ಹಾಕಬೇಡಿ. ಹೊಗೆ, ಬೆಂಕಿ ಕಂಡರೆ ನೀರು ಹಾಕಬೇಡಿ. ಮೇನ್ ಆಫ್ ಮಾಡಿ, ಕಾರ್ಬನ್ ಡೈಆಕ್ಸೈಡ್ ಅಥವಾ ಒಣ ಪುಡಿಯ ಬೆಂಕಿ ಆರಿಸುವ ಸಿಲಿಂಡರ್ ಇದ್ದರೆ ಬಳಸಿ, ಇಲ್ಲದಿದ್ದರೆ ಎಲ್ಲರೂ ಹೊರಗೆ ಬಂದು ಅಗ್ನಿಶಾಮಕದವರನ್ನು ಕರೆಯಿರಿ.

ಯಾವುದನ್ನು ಮುಟ್ಟಲೇಬಾರದು?

ಪ್ಲಾಸ್ಮಾ. 2014ರ ಕೊನೆಯ ಹೊತ್ತಿಗೆ ದೊಡ್ಡ ಕಂಪನಿಗಳು ಅದನ್ನು ನಿಲ್ಲಿಸಿದವು, ಆದರೂ ಅಲ್ಲೊಂದು ಇಲ್ಲೊಂದು ಓಡುತ್ತಿವೆ. ಅದರ ಬೋರ್ಡ್‌ಗಳಲ್ಲಿ ಸುಮಾರು 200 ವೋಲ್ಟ್ ಹಲವು ಕಡೆ ತುಂಬಿಕೊಂಡಿರುತ್ತದೆ. ಎರಡನೆಯದು ಟ್ಯೂಬ್ ಬ್ಯಾಕ್‌ಲೈಟ್ ಇರುವ ಹಳೇ ಎಲ್‌ಸಿಡಿಯ ಇನ್ವರ್ಟರ್. ಟ್ಯೂಬ್ ಹೊತ್ತಿಕೊಳ್ಳುವ ಕ್ಷಣ ಅದರ ವೋಲ್ಟೇಜ್ ಸಾವಿರ ದಾಟುತ್ತದೆ. ಆ ಟ್ಯೂಬ್‌ಗಳಲ್ಲಿ ಪಾದರಸ ಇದೆ. ಒಡೆದರೆ ಕಿಟಕಿ ತೆರೆದು ಮಕ್ಕಳನ್ನು ಆಚೆ ಕಳಿಸಿ, ವ್ಯಾಕ್ಯೂಮ್ ಕ್ಲೀನರ್ ಬಳಸದೆ ಗಟ್ಟಿ ಕಾಗದದಲ್ಲಿ ಬಳಿದು, ಮುಚ್ಚಳ ಇರುವ ಡಬ್ಬಿಗೆ ಹಾಕಿ ಇ-ಕಸಕ್ಕೆ ಕೊಡಿ.

ಸಿಡಿಲು ಬಡಿಯುವಾಗ ಸ್ವಿಚ್ ಆಫ್ ಮಾಡಿದರೆ ಸಾಕಾ?

ಸಾಲದು. ಸ್ವಿಚ್‌ನ ಸಣ್ಣ ಸಂದಿಯನ್ನು ಸಿಡಿಲು ಲೆಕ್ಕಕ್ಕಿಡುವುದಿಲ್ಲ. ಮೋಡ ಕಟ್ಟಿದಾಗಲೇ ಪ್ಲಗ್ ತೆಗೆಯಿರಿ. ಆಂಟೆನಾ ಅಥವಾ ಡಿಶ್ ಕೇಬಲ್, ನೆಟ್‌ವರ್ಕ್ ಕೇಬಲ್ ಕೂಡ ತೆಗೆಯಿರಿ, ಅವುಗಳ ಮೂಲಕವೂ ಬರುತ್ತದೆ. ಗುಡುಗು ಶುರುವಾದ ಮೇಲೆ ಮಾತ್ರ ಕೇಬಲ್ ಮುಟ್ಟುವುದಕ್ಕೆ ಹೋಗಬೇಡಿ.

ರಿಪೇರಿ ಆಯಿತು. ನೇರ ಆನ್ ಮಾಡಬಹುದಾ?

ಪವರ್ ಬೋರ್ಡಿಗೆ ಕೈ ಹಾಕಿದ್ದರೆ ಮೊದಲ ಸಲ ಸೀರೀಸ್ ಬಲ್ಬ್ ಮೂಲಕ, ಅಂದರೆ ಟಿವಿಗೆ ಹೋಗುವ ಲೈನಿನ ನಡುವೆ ಒಂದು ಬಲ್ಬ್ ಸೇರಿಸಿ, ಕರೆಂಟ್ ಕೊಡಿ. 60ರಿಂದ 100 ವ್ಯಾಟ್‌ನ ಹಳೇ ತಂತಿ ಬಲ್ಬ್ ಬೇಕು, ಎಲ್‌ಇಡಿ ಬಲ್ಬ್ ನಡೆಯುವುದಿಲ್ಲ. ಬ್ಯಾಕ್‌ಲೈಟ್ ಕನೆಕ್ಟರ್ ತೆಗೆದಿಟ್ಟು, ದೂರ ನಿಂತು ಸ್ವಿಚ್ ಹಾಕಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಶಾರ್ಟ್ ಇಲ್ಲ. ಉರಿಯುತ್ತಲೇ ನಿಂತರೆ ಇನ್ನೂ ಶಾರ್ಟ್ ಇದೆ, ಆಫ್ ಮಾಡಿ ಚಾರ್ಜ್ ಖಾಲಿ ಮಾಡಿ ಮತ್ತೆ ಹುಡುಕಿ.

ಎಲ್ಲ ಸರಿಯಿದ್ದರೆ ಇನ್ನೊಮ್ಮೆ ಪ್ಲಗ್ ತೆಗೆದು ಚಾರ್ಜ್ ಖಾಲಿ ಮಾಡಿ, ಮೀಟರ್ ಇಟ್ಟು ನೋಡಿ, ಬ್ಯಾಕ್‌ಲೈಟ್ ಕನೆಕ್ಟರ್ ಜೋಡಿಸಿ, ವೈರ್ ಯಾವುದೂ ಕವರಿಗೆ ಸಿಕ್ಕದಂತೆ ಮುಚ್ಚಿ. ಸ್ಕ್ರೂ ಎಣಿಸಿ. ಒಂದು ಕಡಿಮೆ ಬಂದರೆ ಅದು ಬೋರ್ಡಿನ ಮೇಲೆ ಬಿದ್ದಿದೆಯಾ ಅಂತ ಮತ್ತೆ ಬಿಚ್ಚಿ ಹುಡುಕಬೇಕು. ಮುಚ್ಚಿದ ಮೇಲೆ ಎರಡು ಗಂಟೆ ಓಡಿಸಿ, ಹತ್ತಿರವೇ ಇದ್ದು, ಹಿಂಬದಿಯನ್ನು ಆಗಾಗ ಅಂಗೈಯಲ್ಲಿ ಮುಟ್ಟಿ, ವಾಸನೆ ನೋಡಿ. ಅಷ್ಟಾದ ಮೇಲೆ ಗೋಡೆಗೆ ಹಾಕಿ.